ಕೋರ್ಟಿನ ಹಿಂದಿನ ಕುರ್ಚಿ

2024ರ ಆಗಸ್ಟ್ 1, ಗುರುವಾರ. ಪ್ಯಾರಿಸ್ ಒಲಿಂಪಿಕ್ಸಿನ ಬ್ಯಾಡ್ಮಿಂಟನ್ ಪುರುಷರ ಡಬಲ್ಸ್ ಕ್ವಾರ್ಟರ್ ಫೈನಲ್. ಭಾರತದ ಸಾತ್ವಿಕ್ ಮತ್ತು ಚಿರಾಗ್ ಮೊದಲ ಗೇಮನ್ನು 21-13ರಲ್ಲಿ ಗೆದ್ದಾಗ ನಾನು ಆಗಲೇ ಪದಕದ ಲೆಕ್ಕ ಹಾಕೋಕೆ ಶುರು ಮಾಡಿದ್ದೆ. ಆಮೇಲೆ ಏನಾಯಿತು ಅಂತ ಈ ಆಟ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 14-21, 16-21. ಮಲೇಷ್ಯಾದ ಆರನ್ ಚಿಯಾ, ಸೋ ವೂಯಿ ಯಿಕ್ ಸೆಮಿಫೈನಲ್‌ಗೆ ಹೋದರು. ನಮ್ಮವರು ಬ್ಯಾಗ್ ಎತ್ತಿಕೊಂಡರು. ಆ ಸೋಲು ಬೇಗ ಆರುವ ಗಾಯ ಅಲ್ಲ, ನಿಜ. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಕೊನೆಯ ಪಾಯಿಂಟ್ ಅಲ್ಲ, ಕೋರ್ಟಿನ ಹಿಂದೆ ಇದ್ದ ಕುರ್ಚಿ. ಅದರಲ್ಲಿ ನಮ್ಮ ಜೋಡಿಯ ಕೋಚ್, ಡೆನ್ಮಾರ್ಕಿನ ಮಥಿಯಾಸ್ ಬೋ ಕೂತಿದ್ದರು. ಗೆದ್ದವರು ನೆಲಕ್ಕೆ ಬಿದ್ದು ಕೂಗಬಹುದು. ಸೋತವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳಬಹುದು. ಕುರ್ಚಿಯಲ್ಲಿ ಕೂತವರು ಏನು ಮಾಡಬೇಕು?

ಅದಾದ ಸ್ವಲ್ಪ ದಿನಕ್ಕೇ ಬೋ ಇನ್‌ಸ್ಟಾಗ್ರಾಮಿನಲ್ಲಿ ಬರೆದುಕೊಂಡರು. ಕೋಚಿಂಗ್ ಇಲ್ಲಿಗೆ ಸಾಕು, ಸದ್ಯಕ್ಕೆ ಭಾರತದಲ್ಲೂ ಇಲ್ಲ, ಬೇರೆಲ್ಲೂ ಇಲ್ಲ ಅಂತ. ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಬದುಕಿನ ಬಹಳ ಸಮಯ ಕಳೆದಾಗಿದೆ, ಈಗ ನಾನೊಬ್ಬ ದಣಿದ ಮುದುಕ ಅನ್ನುವ ಅರ್ಥದ ಮಾತೂ ಅದರಲ್ಲಿತ್ತು. ಆಗ ಅವರಿಗೆ 44 ವರ್ಷ. ನಾನು ಅದನ್ನು ಮೂರು ನಾಲ್ಕು ಸಲ ಓದಿದೆ. 44ಕ್ಕೆ ಒಬ್ಬ ಮನುಷ್ಯನಿಗೆ ಮುದುಕ ಅನ್ನಿಸುವಷ್ಟು ದಣಿವು ಎಲ್ಲಿಂದ ಬರುತ್ತೆ? ಆಡಿದ್ದರಿಂದಲಾ, ಅಥವಾ ಆಡದೆ ಕೂತಿದ್ದರಿಂದಲಾ?

ಬಿಡು, ಬಿಡು!

ಇದನ್ನು ಯೋಚಿಸುವಾಗಲೆಲ್ಲ ನಮ್ಮ ಬೆಳಗಿನ ಆಟ ನೆನಪಾಗುತ್ತೆ. ನಾನು ಹನ್ನೆರಡು ವರ್ಷ ಒಬ್ಬರ ಜೊತೆಯಲ್ಲೇ ಡಬಲ್ಸ್ ಆಡಿದೆ. ಅವರು ಮುಂದೆ, ನೆಟ್ ಹತ್ತಿರ. ನಾನು ಹಿಂದೆ. ಡಬಲ್ಸ್ ಆಡಿದವರಿಗೆ ಗೊತ್ತು, ಮುಂದೆ ನಿಂತವನಿಗೆ ಹಿಂದಿನವನು ಕಾಣುವುದೇ ಇಲ್ಲ. ಬರೀ ಶೂ ಸದ್ದು, ಉಸಿರು, ಮತ್ತೆ ಕೂಗು. ನಮ್ಮ ಹಾಲ್‌ನಲ್ಲಿ ಅತಿ ಹೆಚ್ಚು ಕೇಳುತ್ತಿದ್ದ ಕೂಗು ಒಂದೇ: "ಬಿಡು!" ಕಾಕ್, ಅಂದರೆ ಶಟಲ್, ಹೊರಗೆ ಹೋಗ್ತಿದೆ, ಬಿಡು. ಅದು ನಂದು, ಬಿಡು. ಒಂದೇ ಮಾತಿಗೆ ಎರಡು ಅರ್ಥ, ಅದರಲ್ಲಿ ಯಾವುದು ಅಂತ ಅರೆಕ್ಷಣದಲ್ಲಿ ಗೊತ್ತಾಗಬೇಕು. ಒಂದು ಬೆಳಿಗ್ಗೆ ನಮ್ಮ ಕ್ಲಬ್ಬಿನ ಟೂರ್ನಿಯ ಫೈನಲ್. 20-20. ಎದುರಿನವರು ಎತ್ತಿ ಹೊಡೆದ ಕಾಕ್ ನನ್ನ ಜೊತೆಗಾರರ ತಲೆಯ ಮೇಲೆ ಹೋಗ್ತಿತ್ತು. ಅವರ ರಾಕೆಟ್ ಆಗಲೇ ಮೇಲೆ ಹೋಗಿತ್ತು. ನಾನು ಹಿಂದಿನಿಂದ "ಬಿಡು!" ಅಂತ ಕೂಗಿದೆ. ಅವರು ತಕ್ಷಣ ಕೈ ಇಳಿಸಿದರು. ಕಾಕ್ ಬಂದು ಸರಿಯಾಗಿ ಗೆರೆಯ ಮೇಲೆ ಬಿತ್ತು.

ಅದು ನನ್ನ ತಪ್ಪು. ಹೊರಗೆ ಹೋಗುತ್ತೆ ಅಂದುಕೊಂಡಿದ್ದೆ. ಅವರು ತಿರುಗಿ ನೋಡಲಿಲ್ಲ. ಹಿಂದೆ ನಡೆದು ಬಂದು, ರಾಕೆಟ್ಟಿನಿಂದ ಕಾಕ್ ಎತ್ತಿದರು. ಒಂದು ಗರಿ ಮುರಿದು ಬಾಗಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಸವರಿ ನೆಟ್ಟಗೆ ಮಾಡಿದರು. ಎದುರಿನವರಿಗೆ ಕೊಟ್ಟರು. ಮತ್ತೆ ಅದೇ ಜಾಗಕ್ಕೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು. ಮುಂದಿನ ಪಾಯಿಂಟಿನಲ್ಲಿ ನಾನು ಮತ್ತೆ "ಬಿಡು" ಅಂದಾಗ ಮತ್ತೆ ಬಿಟ್ಟರು. ಆ ಮ್ಯಾಚ್ ಗೆದ್ದೆವಾ ಸೋತೆವಾ ಅನ್ನುವುದಕ್ಕಿಂತ ಆ ಬೆನ್ನು ನನಗೆ ಜಾಸ್ತಿ ನೆನಪಿದೆ. ಹಿಂದೆ ಇರುವವನನ್ನು ನೋಡದೆ ನಂಬುವುದು, ಅವನು ತಪ್ಪು ಮಾಡಿದ ಮೇಲೂ ನಂಬುವುದು. ಸಿಂಗಲ್ಸ್ ಆಡುವವರಿಗೆ ಈ ಪಾಠ ಕಲಿಯುವ ಸಂದರ್ಭವೇ ಬರುವುದಿಲ್ಲ.

ಬೋ ಕೂಡ ನೆಟ್ ಹತ್ತಿರದ ಮಾಂತ್ರಿಕ. ಎಡಗೈ ಆಟಗಾರ. ಎದುರಿನವರು ಯೋಚನೆ ಮುಗಿಸುವ ಮೊದಲೇ ಶಟಲ್ಲನ್ನು ಎಲ್ಲೋ ತಿರುಗಿಸಿ ಬಿಡುವ ಕೈಚಳಕ ಅವರದು. ಹಿಂದಿನಿಂದ ಸಿಡಿಲಿನಂಥ ಸ್ಮ್ಯಾಶ್ ಬರುತ್ತಿದ್ದದ್ದು ಅವರ ಜೊತೆಗಾರ ಕಾರ್ಸ್ಟನ್ ಮೊಗೆನ್ಸನ್ ಅವರಿಂದ. ಈ ಜೋಡಿ 2011ರಲ್ಲಿ ಬ್ಯಾಡ್ಮಿಂಟನ್ನಿನ ಹಳೆಯ, ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್ ಗೆದ್ದಿತು. 2012ರ ಲಂಡನ್ ಒಲಿಂಪಿಕ್ಸಿನ ಸೆಮಿಫೈನಲ್‌ನಲ್ಲಿ ಕೊರಿಯಾದ ಚುಂಗ್ ಜೇ ಸುಂಗ್, ಲೀ ಯೋಂಗ್ ಡೇ ಜೋಡಿಯನ್ನು ಮೂರನೇ ಗೇಮಿನಲ್ಲಿ 22-20ಕ್ಕೆ ಸೋಲಿಸಿತು. ಫೈನಲ್‌ನಲ್ಲಿ ಚೀನಾದ ಕೈ ಯುನ್, ಫು ಹೈಫೆಂಗ್ ಎದುರು 16-21, 15-21. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ ಬೆಳ್ಳಿಯೇ.

ಆಮೇಲೆ 2014ರ ಜನವರಿಯಲ್ಲಿ ಮೊಗೆನ್ಸನ್ ಅವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಪದಕ, ರ‍್ಯಾಂಕಿಂಗ್ ಎಲ್ಲ ಆ ಕ್ಷಣಕ್ಕೆ ಏನೂ ಅಲ್ಲ. ಹಿಂದಿನಿಂದ ಬರುತ್ತಿದ್ದ ಶೂ ಸದ್ದು ಇದ್ದಕ್ಕಿದ್ದ ಹಾಗೆ ನಿಂತು ಹೋದರೆ ಮುಂದೆ ನಿಂತವನ ಗತಿ ಏನು ಅಂತ ಯೋಚಿಸಿ ನೋಡಿ. ಮೊಗೆನ್ಸನ್ ಚೇತರಿಸಿಕೊಂಡರು. ಕೋರ್ಟಿಗೆ ವಾಪಸ್ ಬಂದರು. 2015ರ ಮಾರ್ಚಿನಲ್ಲಿ ಇಬ್ಬರೂ ಮತ್ತೆ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿದ್ದರು. ಎದುರಿಗೆ ಅದೇ ಫು ಹೈಫೆಂಗ್, ಈ ಸಲ ಝಾಂಗ್ ನಾನ್ ಜೊತೆ. 21-17, 22-20. ಗೆದ್ದದ್ದು ಡೆನ್ಮಾರ್ಕಿನವರು. ಬೋ ಅವರ ಬದುಕಿನಲ್ಲಿ ಬೆಳ್ಳಿ ಪದಕಕ್ಕಿಂತ ಈ ಪ್ರಶಸ್ತಿ ದೊಡ್ಡದು ಅಂತ ನನ್ನ ಲೆಕ್ಕ. ಅವರ ಲೆಕ್ಕ ಬೇರೆ ಇರಬಹುದು.

ಏಳು ನಿಮಿಷ

ಕೋಚ್‌ಗೆ ಒಂದು ಪಂದ್ಯದಲ್ಲಿ ಎಷ್ಟು ಸಮಯ ಸಿಗುತ್ತೆ ಅಂತ ಒಮ್ಮೆ ಕೂತು ಲೆಕ್ಕ ಹಾಕಿದೆ. ಒಂದು ಗೇಮಿನಲ್ಲಿ ಯಾರಾದರೂ 11 ಪಾಯಿಂಟ್ ಮುಟ್ಟಿದಾಗ 60 ಸೆಕೆಂಡು. ಒಂದು ಗೇಮ್ ಮುಗಿದಾಗ 120 ಸೆಕೆಂಡು. ಪಂದ್ಯ ಮೂರು ಗೇಮಿಗೆ ಎಳೆದರೂ ಒಟ್ಟು ಏಳೇ ನಿಮಿಷ. ಅದರಲ್ಲೇ ನೀರು ಕುಡಿಯಬೇಕು, ಬೆವರು ಒರೆಸಬೇಕು, ಉಸಿರು ಹಿಡಿಯಬೇಕು. ಪಾಯಿಂಟ್‌ಗಳ ನಡುವೆ ಒಂದೆರಡು ಮಾತು ಕೂಗಬಹುದು, ಅಷ್ಟೇ. ಶಟಲ್ ಗಾಳಿಗೆ ಹೋಯಿತು ಅಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ನಾಲ್ಕು ವರ್ಷದ ಕೆಲಸ ಕೊನೆಗೆ ಈ ಏಳು ನಿಮಿಷಕ್ಕೆ ಬಂದು ನಿಲ್ಲುತ್ತೆ.

ಮಂಡಿ ನೋವು ಬಂದು ನಾನು ಆಡುವುದು ಕಡಿಮೆ ಮಾಡಿದ ಮೇಲೆ, ಇಬ್ಬರು ಹುಡುಗರಿಗೆ ಡಬಲ್ಸ್ ಹೇಳಿಕೊಡಲು ಶುರು ಮಾಡಿದೆ. ಮೊದಲ ಸಲ ಅವರ ಹಿಂದೆ ಕುರ್ಚಿಯಲ್ಲಿ ಕೂತ ದಿನ ಮರೆಯುವುದಿಲ್ಲ. ಕೈಯಲ್ಲಿ ನೀರಿನ ಬಾಟಲಿ ಇತ್ತು. ಪ್ರತಿ ಸಲ ಶಟಲ್ ಎಡಗಡೆಗೆ ಬಂದಾಗ ನನ್ನ ಮಣಿಕಟ್ಟು ತಾನಾಗಿಯೇ ತಿರುಗುತ್ತಿತ್ತು. ಮ್ಯಾಚ್ ಮುಗಿಯುವ ಹೊತ್ತಿಗೆ ಬಾಟಲಿ ಒತ್ತಿ ಒತ್ತಿ ನಜ್ಜುಗುಜ್ಜಾಗಿತ್ತು. 11ರ ವಿರಾಮದಲ್ಲಿ ಓಡಿ ಹೋಗಿ ನಾಲ್ಕು ವಿಷಯ ಹೇಳಿದೆ. ಸರ್ವಿಸ್ ಗಿಡ್ಡ ಮಾಡು, ಬ್ಯಾಕ್‌ಹ್ಯಾಂಡ್ ಕಡೆ ಆಡು, ಮುಂದೆ ಬಾ, ಅವಸರ ಬೇಡ. ಆಟ ಮುಗಿದ ಮೇಲೆ ಕೇಳಿದೆ, ಏನು ಹೇಳಿದ್ದೆ ನೆನಪಿದೆಯಾ ಅಂತ. ಚಿಕ್ಕವನು ಪ್ರಾಮಾಣಿಕವಾಗಿ ಹೇಳಿದ: "ಅಂಕಲ್, ನೀವು ಬಂದಾಗ ನನಗೆ ನೀರು ಕುಡಿಯಬೇಕಿತ್ತು." ಅವತ್ತಿನಿಂದ ಟಿವಿಯಲ್ಲಿ ಮ್ಯಾಚ್ ನೋಡುವಾಗ ವಿರಾಮದಲ್ಲಿ ನನ್ನ ಕಣ್ಣು ಕೋಚ್ ಮೇಲೆಯೇ. ಒಳ್ಳೆಯ ಕೋಚ್‌ಗಳು ಒಂದೋ ಎರಡೋ ಮಾತಷ್ಟೇ ಆಡುತ್ತಾರೆ. ಉಳಿದದ್ದನ್ನು ನುಂಗಿಕೊಳ್ಳುತ್ತಾರೆ. ಹಾಗೆ ನುಂಗಿದ್ದೆಲ್ಲ ಒಳಗೇ ಉಳಿಯುತ್ತೆ ಅಲ್ವಾ? ಬೋ ಹೇಳಿದ ದಣಿವು ಅದೇ ಇರಬೇಕು ಅನ್ನಿಸಿತು.

ಅವರು ಕುರ್ಚಿಗೆ ಬಂದ ದಾರಿಯೂ ವಿಚಿತ್ರವಾದದ್ದು. ಟೋಕಿಯೊ ಒಲಿಂಪಿಕ್ಸ್ 2020ರಲ್ಲಿ ನಡೆಯಬೇಕಿತ್ತು. ಕೊರೋನಾದಿಂದ ಒಂದು ವರ್ಷ ಮುಂದಕ್ಕೆ ಹೋಯಿತು. ಇನ್ನೊಂದು ವರ್ಷ ಅದೇ ಹಸಿವು ಇಟ್ಟುಕೊಂಡು ಕಾಯುವುದು ತನ್ನಿಂದಾಗದು ಅಂತ ಬೋ 2020ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿಬಿಟ್ಟರು. ಆಗ ವಯಸ್ಸು 39. ಮರುವರ್ಷ ಭಾರತದ ಡಬಲ್ಸ್ ಕೋಚ್ ಆದರು. ಹಾಗಾಗಿ ಟೋಕಿಯೊಗೆ ಹೋದರು, ಆದರೆ ಬೇರೆ ದೇಶದ ಟೀ ಶರ್ಟ್ ಹಾಕಿಕೊಂಡು. ಆಡುವ ಆಸೆ ಬಿಟ್ಟುಕೊಟ್ಟ ಅದೇ ಒಲಿಂಪಿಕ್ಸನ್ನು ಅವರು ಕುರ್ಚಿಯಲ್ಲಿ ಕೂತು ನೋಡಿದರು.

ಮೊದಲ ಪಂದ್ಯದಲ್ಲಿ ಸಾತ್ವಿಕ್, ಚಿರಾಗ್ ಚೈನೀಸ್ ತೈಪೆಯ ಲೀ ಯಾಂಗ್, ವಾಂಗ್ ಚಿ ಲಿನ್ ಅವರನ್ನು ಮೂರನೇ ಗೇಮಿನಲ್ಲಿ 27-25ಕ್ಕೆ ಸೋಲಿಸಿದರು. ಗುಂಪಿನ ಮೂರು ಪಂದ್ಯದಲ್ಲಿ ಎರಡು ಗೆದ್ದರು. ಆದರೂ ಗೇಮ್‌ಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಮನೆಗೆ ಬಂದರು. ಅವರು ಸೋಲಿಸಿದ ಆ ಜೋಡಿ ಕೊನೆಗೆ ಚಿನ್ನ ಗೆದ್ದಿತು. ಇದಕ್ಕೆ ಯಾರನ್ನು ದೂರುವುದು? ಅದೃಷ್ಟ ಅಂತ ಹೇಳಿ ಸುಮ್ಮನಾಗಬಹುದು. ಆದರೆ ಲಂಡನ್‌ನಲ್ಲಿ ಚಿನ್ನವನ್ನು ಒಂದು ಪಂದ್ಯದ ಅಂತರದಲ್ಲಿ ಕಳೆದುಕೊಂಡ ಮನುಷ್ಯ ಆ ಇಬ್ಬರು ಹುಡುಗರ ಪಕ್ಕದಲ್ಲಿದ್ದರು ಅನ್ನುವುದು ನನಗೆ ಸಮಾಧಾನ. ಆ ಹೊಟ್ಟೆಸಂಕಟ ಗೊತ್ತಿರುವವರು ಹತ್ತಿರ ಇರಬೇಕು.

ಡೆನ್ಮಾರ್ಕಿನ ಎದುರು ಡೆನ್ಮಾರ್ಕಿನವರು

ಥಾಮಸ್ ಕಪ್ 2022, ಅಂದರೆ ಪುರುಷರ ತಂಡಗಳ ವಿಶ್ವ ಟೂರ್ನಿ. ಎಲ್ಲರೂ ಫೈನಲ್ ಬಗ್ಗೆ ಮಾತಾಡುತ್ತಾರೆ. ಇಂಡೋನೇಷ್ಯಾವನ್ನು 3-0ಯಿಂದ ಸೋಲಿಸಿದ ಆ ಭಾನುವಾರ ನನಗೂ ಮರೆಯುವಂಥದ್ದಲ್ಲ. ಅಹ್ಸಾನ್, ಸುಕಾಮುಲ್ಜೊ ಎದುರು ನಮ್ಮ ಜೋಡಿ ನಾಲ್ಕು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದದ್ದು ಸಣ್ಣ ಮಾತಲ್ಲ. ಆದರೆ ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವುದು ಅದಕ್ಕೆ ಎರಡು ದಿನ ಹಿಂದಿನ ಸೆಮಿಫೈನಲ್. ಬ್ಯಾಂಕಾಕ್, ಮೇ 13. ಎದುರಾಳಿ ಡೆನ್ಮಾರ್ಕ್.

ಬೋ ಅವರ ಸ್ಥಿತಿ ಯೋಚಿಸಿ. 2016ರಲ್ಲಿ ಡೆನ್ಮಾರ್ಕ್ ಮೊದಲ ಸಲ ಥಾಮಸ್ ಕಪ್ ಗೆದ್ದಾಗ ಆ ತಂಡದಲ್ಲಿ ಅವರೂ ಇದ್ದರು. ಆರು ವರ್ಷದ ನಂತರ ಅದೇ ಕಪ್ಪಿನ ಸೆಮಿಫೈನಲ್‌ನಲ್ಲಿ ಅವರು ಭಾರತದ ಕಡೆ. ಮೊದಲ ಸಿಂಗಲ್ಸಿನಲ್ಲಿ ಲಕ್ಷ್ಯ ಸೇನ್ ಅವರನ್ನು ಅಕ್ಸೆಲ್ಸನ್ ಸೋಲಿಸಿದ್ದರು. ಡಬಲ್ಸ್ ಸೋತರೆ 0-2. ಎದುರಿಗೆ ಕಿಮ್ ಆಸ್ಟ್ರುಪ್, ಮಥಿಯಾಸ್ ಕ್ರಿಸ್ಟಿಯಾನ್‌ಸೆನ್. ಬೋ ಆಡುವ ಕಾಲದಲ್ಲೇ ಡೆನ್ಮಾರ್ಕಿಗೆ ಆಡಲು ಶುರು ಮಾಡಿದ ಹುಡುಗರು. ಅವರ ಸರ್ವಿಸ್, ಅವರ ಅಭ್ಯಾಸ, ಒತ್ತಡದಲ್ಲಿ ಅವರು ಎಲ್ಲಿಗೆ ಹೊಡೆಯುತ್ತಾರೆ ಅನ್ನುವುದು ಬೋಗೆ ಹೊಸದಲ್ಲ. ಡಬಲ್ಸ್ ಜೋಡಿಗಳು ಪಾಯಿಂಟಿನ ನಡುವೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುವುದನ್ನು ನೀವೂ ನೋಡಿರುತ್ತೀರಿ. ಅದೇ ಅವರ ಗುಟ್ಟು. ಅವತ್ತು ಎದುರಾಳಿಗಳ ಗುಟ್ಟಿನ ಭಾಷೆ ಬೋ ಅವರ ತಾಯಿಭಾಷೆ.

21-18, 21-23, 22-20. ನಮ್ಮ ಹುಡುಗರು ಗೆದ್ದರು. ಆಮೇಲೆ ಶ್ರೀಕಾಂತ್ ಗೆದ್ದರು. ಕೊನೆಗೆ ಪ್ರಣಯ್ ಕಾಲು ಉಳುಕಿಸಿಕೊಂಡೂ ಗೆದ್ದು ತಂಡವನ್ನು 3-2ಕ್ಕೆ ಫೈನಲ್ ಮುಟ್ಟಿಸಿದರು. ನಾನು ಆ 22-20ರ ಹತ್ತಿರ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಬೋ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಊರು ಬಿಟ್ಟು ಬೇರೆಯವರ ಮನೆಯಲ್ಲಿ ಕೆಲಸ ಮಾಡುವವರನ್ನು ನಾವು ಸುಲಭವಾಗಿ "ದುಡ್ಡಿಗೆ ಬಂದವರು" ಅಂದುಬಿಡುತ್ತೇವೆ. ಮೂರನೇ ಗೇಮಿನ 20-20ರಲ್ಲಿ, ತನ್ನದೇ ದೇಶದ ಎದುರು, ಇನ್ನೊಬ್ಬರ ಮಕ್ಕಳ ಪರ ನಿಲ್ಲುವುದು ಬರೀ ದುಡ್ಡಿಗೆ ಆಗುವ ಕೆಲಸ ಅಲ್ಲ. ಇನ್ನೊಂದು ಬೇಜಾರು ಕೂಡ ಇಲ್ಲೇ ಹೇಳಿಬಿಡುತ್ತೇನೆ. ಇವತ್ತಿಗೂ ಬೋ ಹೆಸರು ಹೇಳಿದರೆ ನಮ್ಮಲ್ಲಿ ಹತ್ತರಲ್ಲಿ ಎಂಟು ಜನ "ಓ, ತಾಪ್ಸಿ ಪನ್ನು ಗಂಡನಾ" ಅಂತಾರೆ. ಅದೂ ಸರಿಯೇ. ಆದರೆ ಸಾತ್ವಿಕ್, ಚಿರಾಗ್ 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್, ಇಂಡೋನೇಷ್ಯಾ ಓಪನ್, ಏಷ್ಯನ್ ಗೇಮ್ಸ್ ಚಿನ್ನ ಎಲ್ಲ ಗೆದ್ದು ವಿಶ್ವದ ನಂಬರ್ ಒನ್ ಆದಾಗ ಹಿಂದೆ ಇದ್ದವರು ಈ ಮನುಷ್ಯ. ಅದನ್ನೂ ಒಂದು ಸಾಲು ಸೇರಿಸಿ ಹೇಳಿದರೆ ಏನು ಕಡಿಮೆಯಾಗುತ್ತೆ?

ಸಾತ್ವಿಕ್ ಸ್ಮ್ಯಾಶಿನ ವೇಗ ಗಂಟೆಗೆ 565 ಕಿ.ಮೀ. ಅಂತ ಗಿನ್ನೆಸ್ ದಾಖಲೆ ಇದೆ. ಅದು ಎಲ್ಲರಿಗೂ ಬಾಯಿಪಾಠ. ಆದರೆ ನಾನು ಕಂಡ ಬದಲಾವಣೆ ಸ್ಮ್ಯಾಶಿನದ್ದಲ್ಲ. ಮೊದಲು ಇವರಿಬ್ಬರ ಎರಡು ಸ್ಮ್ಯಾಶ್ ವಾಪಸ್ ಬಂದರೆ ಮೂರನೆಯದರಲ್ಲಿ ಆತುರ ಕಾಣುತ್ತಿತ್ತು. ಇನ್ನೂ ಜೋರಾಗಿ ಹೊಡೆಯೋಕೆ ಹೋಗಿ ನೆಟ್ಟಿಗೆ ಹಾಕುತ್ತಿದ್ದರು. ಬೋ ಬಂದ ಮೇಲೆ ಕಾಯುವುದನ್ನು ಕಲಿತರು. ಚಿಯಾ, ಸೋ ಜೋಡಿಗೆ ಎಂಟು ಸಲ ಸೋತಿದ್ದವರು 2023ರ ಇಂಡೋನೇಷ್ಯಾ ಓಪನ್ ಫೈನಲ್‌ನಲ್ಲಿ 21-17, 21-18ಕ್ಕೆ ಗೆದ್ದರಲ್ಲ, ಆ ಪಂದ್ಯ ಸಿಕ್ಕರೆ ನೋಡಿ. ಸ್ಮ್ಯಾಶ್ ಬಿಡಿ, ಸರ್ವಿಸ್ ನೋಡಿ. ಸರ್ವಿಸ್ ಆದ ಮೇಲಿನ ಎರಡನೇ ಮೂರನೇ ಹೊಡೆತ ನೋಡಿ. ನೆಟ್ ಹತ್ತಿರದ ಆಟಗಾರನೊಬ್ಬನ ಕೈಬರಹ ಅಲ್ಲಿ ಕಾಣುತ್ತೆ.

ಹೊರಟವರು ಇವರೊಬ್ಬರೇ ಅಲ್ಲ

ಡಬಲ್ಸ್ ಚಾಂಪಿಯನ್‌ಗಳು ಬೇರೆ ದೇಶಕ್ಕೆ ಹೋಗಿ ಕೋಚ್ ಆಗುವುದು ಹೊಸ ಸಂಗತಿ ಏನಲ್ಲ. ಇಂಡೋನೇಷ್ಯಾದ ರೆಕ್ಸಿ ಮೈನಾಕಿ 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ರಿಕಿ ಸುಬಾಗ್ಜಾ ಜೊತೆ ಚಿನ್ನ ಗೆದ್ದರು. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಮಲೇಷ್ಯಾದ ಜೋಡಿಯನ್ನು. ಮಲೇಷ್ಯಾಕ್ಕೆ ಒಲಿಂಪಿಕ್ಸಿನ ಬ್ಯಾಡ್ಮಿಂಟನ್ ಚಿನ್ನ ಇಷ್ಟು ವರ್ಷವಾದರೂ ಸಿಕ್ಕಿಲ್ಲ, ಅದೊಂದು ಆ ದೇಶದ ಕೊರಗು. ಅದೇ ರೆಕ್ಸಿ ಮೊದಲು ಇಂಗ್ಲೆಂಡಿಗೆ, ಆಮೇಲೆ ಮಲೇಷ್ಯಾಕ್ಕೇ ಕೋಚ್ ಆಗಿ ಹೋದರು. ಕೂ ಕಿಯೆನ್ ಕೀಟ್, ಟಾನ್ ಬೂನ್ ಹಿಯಾಂಗ್ 2007ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ಅವರ ಕೈಕೆಳಗೆ. ಪ್ಯಾರಿಸ್‌ನಲ್ಲಿ ನಮ್ಮನ್ನು ಸೋಲಿಸಿದ ಮಲೇಷ್ಯಾದ ಡಬಲ್ಸ್ ಹೊಣೆಯೂ ಆಗ ಅವರದ್ದೇ ಆಗಿತ್ತು. ತಾನೇ ಕಿತ್ತುಕೊಂಡ ಚಿನ್ನವನ್ನು ಅದೇ ಮನೆಗೆ ಕೊಡಿಸಲು ಒಬ್ಬ ಮನುಷ್ಯ ವರ್ಷಗಟ್ಟಲೆ ದುಡಿಯುವುದನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತೆ.

ಇನ್ನೊಬ್ಬರು ಕೊರಿಯಾದ ಪಾರ್ಕ್ ಜೂ ಬಾಂಗ್. ಬ್ಯಾಡ್ಮಿಂಟನ್ ಒಲಿಂಪಿಕ್ಸಿಗೆ ಬಂದ 1992ರಲ್ಲೇ ಕಿಮ್ ಮೂನ್ ಸೂ ಜೊತೆ ಡಬಲ್ಸ್ ಚಿನ್ನ ಗೆದ್ದವರು. 2004ರ ಕೊನೆಗೆ ಜಪಾನಿಗೆ ಹೋದರು. ಕೊರಿಯಾದವರು ಜಪಾನಿಗೆ ಹೋಗಿ ಕೆಲಸ ಮಾಡುವುದರ ಹಿಂದಿನ ಚರಿತ್ರೆ, ಜಪಾನ್ ಒಂದು ಕಾಲಕ್ಕೆ ಕೊರಿಯಾವನ್ನು ಆಳಿದ್ದು, ಗೊತ್ತಿದ್ದರೆ ಅದು ಎಂಥ ನಡೆ ಅಂತ ಅರ್ಥವಾಗುತ್ತೆ. ಅಲ್ಲಿ ಆಟಗಾರರು ತಮ್ಮ ತಮ್ಮ ಕಂಪನಿ ತಂಡಗಳಲ್ಲಿ ಚದುರಿ ಹೋಗಿದ್ದರು. ಅವರನ್ನು ಒಂದು ಕಡೆ ಸೇರಿಸಿ ಅಭ್ಯಾಸ ಮಾಡಿಸುವುದೇ ಮೊದಲ ಜಗಳ. ಹನ್ನೆರಡು ವರ್ಷದ ಮೇಲೆ ರಿಯೊ ಒಲಿಂಪಿಕ್ಸಿನ ಮಹಿಳೆಯರ ಡಬಲ್ಸ್ ಫೈನಲ್‌ನಲ್ಲಿ ಜಪಾನಿನ ತಕಾಹಶಿ, ಮತ್ಸುತೊಮೊ ಮೂರನೇ ಗೇಮಿನಲ್ಲಿ 16-19 ಹಿಂದಿದ್ದರು. ಅಲ್ಲಿಂದ ಸತತ ಐದು ಪಾಯಿಂಟ್ ತೆಗೆದು ಚಿನ್ನ ಗೆದ್ದರು. ಜಪಾನಿನ ಮೊದಲ ಬ್ಯಾಡ್ಮಿಂಟನ್ ಚಿನ್ನ ಅದು. ಪಾರ್ಕ್ ಅಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದು, 2025ರಲ್ಲಿ ತಮ್ಮ ದೇಶದ ತಂಡಕ್ಕೆ ಕೋಚ್ ಆಗಿ ಮರಳಿದರು.

ಇವರೆಲ್ಲ ಡಬಲ್ಸ್‌ನಿಂದಲೇ ಯಾಕೆ ಬಂದರು? ಸಿಂಗಲ್ಸಿನವರಲ್ಲೂ ಒಳ್ಳೆಯ ಕೋಚ್‌ಗಳಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೂ ನನಗೆ ಅನ್ನಿಸುವುದು ಇಷ್ಟು. ಡಬಲ್ಸ್ ಆಡಿದವರು ಚಿಕ್ಕಂದಿನಿಂದ ಅರ್ಧ ಆಟವನ್ನು ಬಿಟ್ಟುಕೊಟ್ಟೇ ಬೆಳೆದಿರುತ್ತಾರೆ. ಕೈಗೆ ಸಿಗುವ ಶಟಲ್ಲನ್ನೂ ಇನ್ನೊಬ್ಬರಿಗೆ ಬಿಡುವುದು ಅವರಿಗೆ ರೂಢಿ. ಗೆದ್ದಾಗ ಫೋಟೋದಲ್ಲಿ ಎಂದೂ ಒಬ್ಬರೇ ಇರುವುದಿಲ್ಲ. ಕುರ್ಚಿಯಲ್ಲಿ ಕೂರುವುದು ಅಂದರೆ ಉಳಿದ ಅರ್ಧವನ್ನೂ ಬಿಡುವುದು. ಬೇರೆಯವರಿಗಿಂತ ಇವರಿಗೆ ಅದು ಒಂಚೂರು ಹತ್ತಿರ. ಸುಲಭ ಅಂತ ಮಾತ್ರ ಹೇಳಲಾರೆ.

ಅದೇ ಹಾಲ್

ಸಾತ್ವಿಕ್ ಮತ್ತು ಚಿರಾಗ್ ಇಬ್ಬರೂ ಮೂಲದಲ್ಲಿ ಹಿಂದಿನಿಂದ ಬಾರಿಸುವವರು. ಇಂಥ ಇಬ್ಬರನ್ನು ಜೋಡಿ ಮಾಡುವುದು ಪುಸ್ತಕದ ಪ್ರಕಾರ ತಪ್ಪು. ಆ ಜೋಡಿ ಮಾಡಿದ್ದು ಮಲೇಷ್ಯಾದ ಟಾನ್ ಕಿಮ್ ಹರ್, ಅವರು ಮೊದಲ ಸಲ ಭಾರತದ ಕೋಚ್ ಆಗಿದ್ದಾಗ. ಹುಡುಗರಿಗೆ ಅದು ಅಷ್ಟೇನೂ ಇಷ್ಟ ಇರಲಿಲ್ಲ. 2019ರಲ್ಲಿ ಕಿಮ್ ಹರ್ ಭಾರತ ಬಿಟ್ಟು ಹೋದರು. ಆಮೇಲೆ ಬೇರೆಯವರು ಬಂದರು, ಬೋ ಬಂದರು. ಬೋ ಹೋದ ಮೇಲೆ ಮತ್ತೆ ಕಿಮ್ ಹರ್ ಅವರನ್ನೇ ಕರೆಸಿದರು. ಒಬ್ಬರು ನೆಟ್ಟ ಗಿಡಕ್ಕೆ ಇನ್ನೊಬ್ಬರು ನೀರು ಹಾಕಿದ್ದು. ಯಾವ ಹಣ್ಣು ಯಾರದು ಅಂತ ಬಿಡಿಸಿ ಹೇಳೋಕೆ ಆಗುವುದಿಲ್ಲ.

2025ರ ಆಗಸ್ಟಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಪ್ಯಾರಿಸ್‌ನಲ್ಲಿ, ಒಲಿಂಪಿಕ್ಸ್ ನಡೆದ ಅದೇ ಹಾಲ್‌ನಲ್ಲಿ. ಕ್ವಾರ್ಟರ್ ಫೈನಲ್. ಎದುರಿಗೆ ಅದೇ ಆರನ್ ಚಿಯಾ, ಅದೇ ಸೋ ವೂಯಿ ಯಿಕ್. ನಾನು ಟಿವಿ ಹಾಕುವ ಮೊದಲು ಎರಡು ಸಲ ಯೋಚಿಸಿದೆ. ಆಮೇಲೆ ಹಾಕಿದೆ. ಮೊದಲ ಗೇಮ್ 21-12. ಹಿಂದಿನ ವರ್ಷವೂ ಮೊದಲ ಗೇಮ್ ಹೀಗೆಯೇ ಗೆದ್ದಿದ್ದೆವಲ್ಲ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಎರಡನೆಯದು 21-19. ಗೆದ್ದರು. ಸೆಮಿಫೈನಲ್‌ನಲ್ಲಿ ಚೀನಾದ ಜೋಡಿಗೆ ಸೋತು ಕಂಚು ತಂದರು.

ಅವತ್ತು ಮ್ಯಾಚ್ ಮುಗಿದ ಮೇಲೆ ಟಿವಿ ಆರಿಸದೆ ಸುಮ್ನೆ ಕೂತಿದ್ದೆ. ಮಥಿಯಾಸ್ ಬೋ ಎಲ್ಲಿದ್ದಾರೋ ಗೊತ್ತಿಲ್ಲ. ಈ ಪಂದ್ಯ ನೋಡಿದರೋ ಇಲ್ಲವೋ ಅದೂ ಗೊತ್ತಿಲ್ಲ. ನೋಡಿರುತ್ತಾರೆ ಅಂತಲೇ ನನ್ನ ಮನಸ್ಸು ಹೇಳುತ್ತೆ. 20-19 ಇದ್ದಾಗ ಅವರ ಎಡಗೈ ಏನನ್ನು ಹಿಡಿದುಕೊಂಡಿತ್ತೋ.